ಮಳೆಗಾಲದಲ್ಲಿ ಪಿಯಾನೋ ಟ್ಯೂನ್ ಮಾಡಿಸಬಹುದಾ?

ಪ್ರಶ್ನೆ: ಸರ್, ನಮ್ಮದು ಕೊಡಗಿನ ಪಾಲಿಬೆಟ್ಟದ ಹತ್ತಿರ ತೋಟದ ಮನೆ. ಅಜ್ಜನ ಕಾಲದ ಅಪ್‌ರೈಟ್ ಪಿಯಾನೋ ಇದೆ. ಟ್ಯೂನ್ ಮಾಡಿಸಿ ಆರು ವರ್ಷ ಆಯ್ತು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆ ಹಿಡಿದ ಮೇಲೆ ಏಳೆಂಟು ಕೀಗಳು ಒತ್ತಿದರೆ ಮೇಲೇಳುತ್ತಿಲ್ಲ. ಸ್ವರವೂ ಕೆಟ್ಟಿದೆ. ಆಗಸ್ಟ್ ಕೊನೆಗೆ ಮಗಳು ಬರುತ್ತಾಳೆ, ಅಷ್ಟರಲ್ಲಿ ಟ್ಯೂನರ್ ಕರೆಸಲಾ? ಒಳಗೆ ಬಲ್ಬ್ ಉರಿಸಿಡಿ ಅಂತ ಪಕ್ಕದ ತೋಟದವರು ಹೇಳಿದರು.

ಉತ್ತರ: ಟ್ಯೂನಿಂಗ್ ಈಗ ಬೇಡ ಅಕ್ಕ. ನನ್ನ ಹೊಟ್ಟೆಪಾಡಿನ ವಿರುದ್ಧವೇ ಹೇಳ್ತಿದ್ದೇನೆ.

ತಂತಿಗಳ ಹಿಂದೆ ಸ್ಪ್ರೂಸ್ ಮರದ ತೆಳು ಹಲಗೆ ಇದೆ, ಸೌಂಡ್‌ಬೋರ್ಡ್. ತೇವ ಕುಡಿದು ಅದು ಉಬ್ಬುತ್ತದೆ, ತಂತಿಗಳನ್ನು ದೂಡುತ್ತದೆ. ತಂತಿ ಬಿಗಿಯಾಗಿ ಸ್ವರ ಏರುತ್ತದೆ. ಎಲ್ಲ ಕಡೆ ಒಂದೇ ಸಮ ಏರಿದ್ದರೆ ಕಿವಿಗೆ ಅಷ್ಟು ಚುಚ್ಚುತ್ತಿರಲಿಲ್ಲ. ಆದರೆ ನಡುಭಾಗ ಜಾಸ್ತಿ ಏರುತ್ತದೆ, ಮಂದ್ರದ ದಪ್ಪ ತಂತಿಗಳು ಕಡಿಮೆ. ಅಪಸ್ವರ ಅಲ್ಲಿಂದ. ಈಗ ಪಿಯಾನೋದ ವಾಡಿಕೆಯ ಸ್ವರಮಟ್ಟವಾದ 440 ಹರ್ಟ್ಸ್‌ಗೆ ಕೂರಿಸಿದರೆ ಕಾಫಿ ಕುಯ್ಲಿನ ಹೊತ್ತಿಗೆ ಮರ ಒಣಗಿ ಮತ್ತೆ ಇಳಿದಿರುತ್ತದೆ. ದುಡ್ಡು ನೀರಿಗೆ ಹಾಕಿದ ಹಾಗೆ ಅಲ್ವಾ?

ನವೆಂಬರ್-ಡಿಸೆಂಬರ್‌ನ ಪುತ್ತರಿ ಸುಗ್ಗಿ ಹಬ್ಬ ಕಳೆಯಲಿ. ಮಳೆ ಪೂರ್ತಿ ನಿಂತು ಎರಡು ಮೂರು ವಾರ ಬಿಸಿಲು ಬಿದ್ದ ಮೇಲೆ ಕರೆಸಿ. ಆರು ವರ್ಷದ ಬಾಕಿ ಇರುವುದರಿಂದ ಒಂದೇ ಸಲದ ಟ್ಯೂನಿಂಗಿಗೆ ಸ್ವರ ನಿಲ್ಲಲಿಕ್ಕಿಲ್ಲ. ಸುಮಾರು 220 ತಂತಿ, ಎಲ್ಲ ಸೇರಿ ಹತ್ತು ಟನ್ನಿಗೂ ಮೀರಿದ ಎಳೆತ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸಡಿಲುತ್ತದೆ. ತಂತಿಗೆ ತುಕ್ಕು ಹಿಡಿದಿದ್ದರೆ 440ರವರೆಗೆ ಎಳೆಯಲು ನಾನಂತೂ ಧೈರ್ಯ ಮಾಡಲ್ಲ, ಕೆಳಗೇ ನಿಲ್ಲಿಸುತ್ತೇನೆ.

ಕೀ ಅಂಟುವುದು ಬೇರೆ ವಿಷಯ. ಅದನ್ನು ಈಗಲೇ ಸರಿ ಮಾಡಿಸಬಹುದು. ಅಂಟಿದ ಕೀಯನ್ನು ಬೆರಳಲ್ಲಿ ಮೇಲೆತ್ತಿ ನೋಡಿ. ಬಿಗಿಯಾಗಿ ಬಂದರೆ ಕೀಯ ಅಡಿಯಲ್ಲಿ ಪಿನ್ನು ಕೂರುವ ತೂತಿನ ಎರಡು ಕಡೆ ಅಂಟಿಸಿದ ಕೆಂಪು ಫೆಲ್ಟ್ (ಉಣ್ಣೆ ಬಟ್ಟೆ) ಊದಿದೆ. ಅದಕ್ಕೆಂದೇ ಒಂದು ಇಕ್ಕಳ ಇದೆ, ಮೆತ್ತಗೆ ಒತ್ತಿದರೆ ಬಿಟ್ಟುಕೊಳ್ಳುತ್ತದೆ. ಕೀ ಸಲೀಸಾಗಿದ್ದು ಒಳಗೆ ತಂತಿಗೆ ಬಡಿಯುವ ಸುತ್ತಿಗೆ ಸೋಮಾರಿಯಾಗಿ ವಾಪಸ್ ಬಂದರೆ ಸುತ್ತಿಗೆಯ ಕೀಲು ಬಿಗಿದಿದೆ. ಅದಕ್ಕೆ ನೀವು ಕೈ ಹಾಕಬೇಡಿ.

ಬಲ್ಬ್ ಹಳೇ ಬಂಗಲೆಗಳ ಉಪಾಯ, ನನಗೆ ಇಷ್ಟವಿಲ್ಲ. ಒಂದೇ ಜಾಗ ಕಾಯುತ್ತದೆ, ಬಟ್ಟೆ ತಾಗಿದರೆ ಬೆಂಕಿಯ ಭಯ. ತೇವ ಜಾಸ್ತಿಯಾದಾಗ ಮಾತ್ರ ತಾನೇ ಆನ್ ಆಗುವ ಪಿಯಾನೋ ಹೀಟರ್ ರಾಡ್ ಸಿಗುತ್ತದೆ, ಅದು ಒಳ್ಳೇದು. ತೇವ ಅಳೆಯುವ ಒಂದು ಹೈಗ್ರೋಮೀಟರ್ ತಂದಿಡಿ. ಕೋಣೆಯ ತೇವ 40ರಿಂದ 60 ಪರ್ಸೆಂಟ್ ಒಳಗಿದ್ದರೆ ಚೆನ್ನ. ಆ ಕೋಣೆಯಲ್ಲಿ ಒದ್ದೆ ಬಟ್ಟೆ ಹರವಬೇಡಿ. ಮಳೆ ಹೊಡೆಯುವ ಹೊರಗೋಡೆಗೆ ಪಿಯಾನೋ ಒರಗಿಸಿದ್ದರೆ ಒಳಗೋಡೆಗೆ ಸರಿಸಿ, ಆದರೆ ಬೆಂಕಿಗೂಡಿನ ಪಕ್ಕಕ್ಕಲ್ಲ.

ಪ್ರಶ್ನೆ: ತುಂಬಾ ಥ್ಯಾಂಕ್ಸ್ ಸರ್. ಒಂದು ತಪ್ಪು ಒಪ್ಪಿಕೊಳ್ಳಬೇಕು. ಹೋದ ವಾರ ಎರಡು ಕೀಗೆ ಹೊಲಿಗೆ ಮಿಷನ್ ಎಣ್ಣೆ ಬಿಟ್ಟಿದ್ದೆ. ಒಂದು ದಿನ ಸರಿಯಿತ್ತು, ಆಮೇಲೆ ಇನ್ನೂ ಬಿಗಿಯಾಯ್ತು.

ಉತ್ತರ: ಎಣ್ಣೆಯನ್ನು ಫೆಲ್ಟ್, ಮರ ಎರಡೂ ಹೀರುತ್ತವೆ. ಆಮೇಲೆ ಧೂಳು ಸೇರಿ ಅಂಟಾಗುತ್ತದೆ. ಆ ಎರಡು ಕೀಯ ಫೆಲ್ಟ್ ಹೊಸದು ಹಾಕಿಸಬೇಕಾಗಬಹುದು. ಸದ್ಯ ಎರಡಕ್ಕೇ ನಿಲ್ಲಿಸಿದಿರಲ್ಲ. ಎಣ್ಣೆ ಡಬ್ಬಿಯನ್ನು ಹೊಲಿಗೆ ಮಿಷನ್ ಹತ್ತಿರವೇ ಇಟ್ಟುಬಿಡಿ ಅಕ್ಕ.