ತೂಗು ಹಾಕಿದ ಹೆಬ್ಬಾತು: ನಮ್ಮ ಮನೆ ಗುಂಪಿನಲ್ಲಿ ನಡೆದ ಜಗಳ

(ನಾನು ಹಾಕಿದ ಫೋಟೊ: ಹಾಂಗ್‌ಕಾಂಗಿನ ವಾನ್‌ಚಾಯ್, ಅಂಗಡಿಯ ಗಾಜಿನ ಹಿಂದೆ ಸುಟ್ಟ ಹೆಬ್ಬಾತು, ಚಾರ್ ಸಿಯು ಅಂದರೆ ಸಿಹಿ ಮಸಾಲೆ ಹಚ್ಚಿ ಸುಟ್ಟ ಕೆಂಪು ಹಂದಿ ಮಾಂಸ, ಗರಿಗರಿ ಹಂದಿ)

ಚಿಕ್ಕಪ್ಪ: ಇದೇನೋ, ಕೊಕ್ಕೆಗೆ ಸಿಕ್ಕಿಸಿ ಹಾಗೇ ಬಿಟ್ಟಿದ್ದಾರೆ, ಫ್ರಿಜ್ ಇಲ್ವಾ? ಆ ಕೆಂಪು ಬಣ್ಣ ಬೇರೆ. ಇಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರಲ್ಲೇ ಸರ್ಕಾರ ನಿಷೇಧ ಮಾಡಿದೆ.

ಭಾವ: ಕ್ಯಾಲಿಫೋರ್ನಿಯಾದಲ್ಲಾದರೆ ಹೆಲ್ತ್ ಇನ್‌ಸ್ಪೆಕ್ಟರ್ ಬಂದು ಬಾಗಿಲು ಹಾಕಿಸುತ್ತಾನೆ.

ನಾನು: ಭಾವ, ಈ ಜಗಳ ನಿಮ್ಮ ರಾಜ್ಯದಲ್ಲೇ ಆಗಿ ಮುಗಿದಿದೆ. ಬಾತುಕೋಳಿ ತೂಗು ಹಾಕಬೇಡಿ ಅಂತ ಅಲ್ಲಿನ ಅಧಿಕಾರಿಗಳು ಚೀನೀ ಅಂಗಡಿಗಳ ಹಿಂದೆ ಬಿದ್ದಿದ್ದರು. ಕೊನೆಗೆ 1982ರಲ್ಲಿ ಅದಕ್ಕೆ ವಿನಾಯಿತಿ ಕೊಟ್ಟು ಕಾನೂನೇ ಮಾಡಿದರು. ಫ್ರಿಜ್ಜಿಗೆ ಹಾಕಿದರೆ ಚರ್ಮ ಮೆತ್ತಗಾಗುತ್ತದೆ, ಅಷ್ಟು ಹೊತ್ತು ಪಟ್ಟ ಕಷ್ಟವೆಲ್ಲ ಹಾಳು.

ಚಿಕ್ಕಪ್ಪ: ಸುಡೋದರಲ್ಲಿ ಏನಪ್ಪಾ ಅಂಥ ಕಷ್ಟ?

ನಾನು: ಚಿಕ್ಕಪ್ಪ, ಹೆಬ್ಬಾತಿನ ಹೊಟ್ಟೆಯೊಳಗೆ ಮಸಾಲೆ ತುಂಬಿ ಹೊಲಿಯುತ್ತಾರೆ, ಆಮೇಲೆ ಚರ್ಮಕ್ಕೂ ಮಾಂಸಕ್ಕೂ ನಡುವೆ ಗಾಳಿ ತುಂಬಿ ಬಿಡಿಸುತ್ತಾರೆ, ಕುದಿಯುವ ನೀರು ಸುರಿದು, ಮಾಲ್ಟೋಸ್ ಅನ್ನೋ ಅಂಟು ಸಿಹಿ ಪಾಕ ಮತ್ತು ವಿನಿಗರ್ ಬಳಿದು, ಗಂಟೆಗಟ್ಟಲೆ ಗಾಳಿಗೆ ಒಣಗಿಸುತ್ತಾರೆ. ಇಷ್ಟೆಲ್ಲ ಆದ ಮೇಲೇ ಒಲೆ. ಅದಕ್ಕೇ ಒಳಗೆ ರಸ ತುಂಬಿರುತ್ತದೆ, ಹೊರಗೆ ಕಚ್ಚಿದರೆ ಪಟ್ ಅನ್ನುತ್ತದೆ. ಇದ್ದಿಲ ಒಲೆ ಈಗ ಕೆಲವೇ ಅಂಗಡಿಗಳಲ್ಲಿ ಉಳಿದಿದೆ, ಅದು ನನಗೆ ನಿಜಕ್ಕೂ ಬೇಜಾರು. ಇನ್ನು ಚಾರ್ ಸಿಯುಗೆ ಬಣ್ಣ ಸುರಿಯುವ ಅಂಗಡಿಗಳು ಇವೆ, ಇಲ್ಲ ಅನ್ನಲ್ಲ. ಆದರೆ ಹಳೇ ಪದ್ಧತಿಯಲ್ಲಿ ಆ ಕೆಂಪು ಬರುವುದು ಹುದುಗು ಬರಿಸಿದ ಕೆಂಪು ತೋಫುವಿನಿಂದ, ಅಂದರೆ ಸೋಯಾ ಹಾಲಿನ ಪನೀರಿನಂಥದ್ದರಿಂದ.

ಅಕ್ಕ: ಮಾಂಸ ಸಿಹಿ ಅಂದ್ರೆ ನನಗಾಗಲ್ಲ ಕಣೋ.

ನಾನು: ಹಾಗಾದ್ರೆ ನಿನಗೆ ಸಿಯು ಯುಕ್, ಫೋಟೊದಲ್ಲಿರೋ ಆ ಗರಿಗರಿ ಹಂದಿ. ಹಂದಿ ಹೊಟ್ಟೆಭಾಗದ ಚರ್ಮಕ್ಕೆ ತುಂಬಾ ಚುಚ್ಚಿ, ಉಪ್ಪು ಹಚ್ಚಿ ಸುಡುತ್ತಾರೆ, ಸಾಸಿವೆ ಸಾಸ್ ಜೊತೆ ಕೊಡುತ್ತಾರೆ. ಅದರಲ್ಲಿ ಉಪ್ಪಿನ ರುಚಿಯೇ ಮುಂದೆ.

ಚಿಕ್ಕಪ್ಪ: ಏನೇ ಹೇಳು, ಕಾಳುಮೆಣಸು ಹಾಕಿದ ನಮ್ಮ ಮಲೆನಾಡಿನ ಹಂದಿ ಸಾರಿನ ಮುಂದೆ ನಿಲ್ಲಲ್ಲ.

ನಾನು: ಸಾರಿಗೂ ಇದಕ್ಕೂ ಯಾಕೆ ಹೋಲಿಸಬೇಕು ಚಿಕ್ಕಪ್ಪ? ಸಾರು ಮನೆಯದು. ಇಲ್ಲಿನ ಪುಟ್ಟ ಮನೆಗಳಲ್ಲಿ ಇಂಥ ಒಲೆ ಇಡಲು ಜಾಗ ಎಲ್ಲಿದೆ? ನೆಂಟರು ಬಂದರೆ ಕೆಳಗಿನ ಅಂಗಡಿಗೆ ಹೋಗಿ ಕತ್ತರಿಸಿಕೊಂಡು ಬರುತ್ತಾರೆ, ಚಿಂಗ್ ಮಿಂಗ್ ದಿನ ಹಿರಿಯರ ಸಮಾಧಿಗೆ ಇಡೀ ಸುಟ್ಟ ಹಂದಿಯನ್ನೇ ಒಯ್ಯುತ್ತಾರೆ. ಮಧ್ಯಾಹ್ನ ಕೂಲಿ ಮಾಡುವವರು, ಬ್ಯಾಂಕಿನವರು ಒಂದೇ ಮೇಜಿಗೆ ಕೂತು ಅದೇ ಅನ್ನ, ಅದೇ ಮಾಂಸ ತಿನ್ನುತ್ತಾರೆ. ಇಲ್ಲಿ ಒಳ್ಳೇ ಹೋಟೆಲುಗಳಿಗೆ ಕೊಡುವ ಮಿಶೆಲಿನ್ ನಕ್ಷತ್ರ ಸಿಕ್ಕ ಹೆಬ್ಬಾತಿನ ಅಂಗಡಿಗಳೂ ಇವೆ. ಒಂದು ಫೋಟೊ ನೋಡಿ ಕೊಳಕು ಅಂದುಬಿಟ್ಟರೆ ಬೆಳಗಿನಿಂದ ಒಲೆ ಮುಂದೆ ಬೆವರು ಸುರಿಸುವ ಆ ಮನುಷ್ಯನಿಗೆ ಅನ್ಯಾಯ ಅಲ್ವಾ?

ಭಾವ: ಸರಿ ಮಾರಾಯ, ಆದ್ರೂ ರಾತ್ರಿವರೆಗೆ ನೇತಾಡಿದ್ದನ್ನು ನಾನು ಕೊಳ್ಳಲ್ಲ.

ನಾನು: ಕೊಳ್ಳಬೇಡಿ. ಊಟದ ಗದ್ದಲ ಶುರುವಾಗುವ ಮೊದಲೇ ಹೋಗಿ, ಮಾಂಸ ಬೇಗ ಬೇಗ ಮಾರಿಹೋಗುವ ಅಂಗಡಿ ಹಿಡಿಯಿರಿ. ಚಾರ್ ಸಿಯು ಅರ್ಧ ಕೊಬ್ಬು ಇರೋದು ಕೇಳಿ, ಬರೀ ಮಾಂಸದ್ದು ಒಣಒಣ ಇರುತ್ತೆ.

ಅಕ್ಕ: ಭಾನುವಾರ ಇಲ್ಲಿನ ಚೀನೀ ಅಂಗಡಿಗೆ ಹೋಗೋಣ ಅಂತ ಇವರಿಗೆ ಹೇಳಿದೀನಿ.