ಕಡಲೆಗೆ ಎಂಟು ದಿನಕ್ಕೊಮ್ಮೆ ನೀರು ಬೇಕೇ?

ಪ್ರಶ್ನೆ (ಆಳಂದ ತಾಲ್ಲೂಕು): ಎರೆ ಹೊಲದಲ್ಲಿ ಎರಡು ಎಕರೆ ಕಡಲೆ ಇದೆ, ಇನ್ನೂ ಹೂ ಬಿಟ್ಟಿಲ್ಲ. ಬೋರ್‌ವೆಲ್ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಕೊಡುತ್ತೇನೆ. ಎಂಟು ದಿನಕ್ಕೊಮ್ಮೆ ಬಿಡಿ ಎಂದು ಬಾಜು ಹೊಲದವರು ಹೇಳುತ್ತಾರೆ. ಬೆಳೆಗೆ ಬೇಕಾದ ನೀರನ್ನು ಲೆಕ್ಕ ಹಾಕುವ ದಾರಿ ಯಾವುದು?

ಉತ್ತರ (ನೀರಾವರಿ ತಜ್ಞರು): ಮೊದಲು ಗಾಳಿ, ಬಿಸಿಲು ದಿನಕ್ಕೆಷ್ಟು ನೀರು ಎಳೆಯುತ್ತವೆ ಎಂದು ತಿಳಿಯಬೇಕು. ಹವಾಮಾನ ಕೇಂದ್ರದ ತೆರೆದ ತೊಟ್ಟಿಯಲ್ಲಿ ನೀರು ದಿನಕ್ಕೆ 5 ಮಿ.ಮೀ. ಇಳಿಯುತ್ತದೆ ಎಂದಿಟ್ಟುಕೊಳ್ಳಿ, ತೊಟ್ಟಿಯಿಂದ ಹೊಲಕ್ಕಿಂತ ಹೆಚ್ಚು ಆವಿಯಾಗುವುದರಿಂದ ಅದನ್ನು 0.7ರಿಂದ ಗುಣಿಸಿದರೆ 3.5 ಮಿ.ಮೀ. ಬರುತ್ತದೆ. ಇದನ್ನು ಬೆಳೆಯ ಗುಣಾಂಕದಿಂದ, ಅಂದರೆ ಆಯಾ ಹಂತದಲ್ಲಿ ಬೆಳೆ ಇದರಲ್ಲಿ ಎಷ್ಟು ಪಾಲು ಬಳಸುತ್ತದೆ ಎಂದು ಹೇಳುವ ಸಂಖ್ಯೆಯಿಂದ, ಮತ್ತೆ ಗುಣಿಸಬೇಕು. ಕಡಲೆಗೆ ಅದು ಮೊಳಕೆಯ ಹಂತದಲ್ಲಿ 0.4, ಎಲೆ ಹೊಲ ಮುಚ್ಚಿದ ಮೇಲೆ 1, ಕಟಾವಿನ ಹೊತ್ತಿಗೆ 0.35ರಷ್ಟು. ಹೀಗಾಗಿ ತುಂಬಿದ ಬೆಳೆ ದಿನಕ್ಕೆ 3.5 ಮಿ.ಮೀ., ಅಂದರೆ ಎಕರೆಗೆ ಸುಮಾರು 14,000 ಲೀಟರ್ ಬಳಸುತ್ತದೆ.

ಇನ್ನು ಮಣ್ಣಿನ ಮಾತು. ಎರಡಡಿ ಬೇರಿನ ಆಳದ ಎರೆ ಮಣ್ಣಿನಲ್ಲಿ ಬೆಳೆಗೆ ದಕ್ಕುವ ನೀರು ಸುಮಾರು 100 ಮಿ.ಮೀ.; ಅದರಲ್ಲಿ ಅರ್ಧ ಖರ್ಚಾಗುವವರೆಗೆ ಗಿಡ ಬಾಡುವುದಿಲ್ಲ. 50 ಮಿ.ಮೀ. ಖರ್ಚಾಗಲು ಹದಿನಾಲ್ಕು ದಿನ ಬೇಕು. ಎಂಟು ದಿನಕ್ಕೇ ಬಿಟ್ಟರೆ ಕಡಲೆ ಸೊಪ್ಪಿಗೆ ಬೆಳೆದು ಕಾಯಿ ಕಡಿಮೆಯಾಗುತ್ತದೆ. ಬೋರ್‌ವೆಲ್‌ನ ನೀರೂ ಸುಮ್ಮನೆ ಹಾಳು. ಹೂವಿಗೆ ಮೊದಲು ಒಮ್ಮೆ, ಕಾಯಿ ಕಟ್ಟುವಾಗ ಇನ್ನೊಮ್ಮೆ ಕೊಡಿ, ಹೂ ತುಂಬಿದಾಗ ಬೇಡ.

ಪಂಪ್ ಎಷ್ಟು ಹೊತ್ತು ಓಡಬೇಕೆಂದು ತಿಳಿಯಲು 200 ಲೀಟರ್ ಡ್ರಮ್ ಇಟ್ಟು ನೋಡಿ. ಅದು 50 ಸೆಕೆಂಡಿನಲ್ಲಿ ತುಂಬಿದರೆ ಗಂಟೆಗೆ 14,400 ಲೀಟರ್ ನೀರು ಬರುತ್ತಿದೆ ಎಂದರ್ಥ. ಸ್ಪ್ರಿಂಕ್ಲರ್‌ನಲ್ಲಿ ಕಾಲು ಭಾಗ ಗಾಳಿಗೆ ಹೋಗುವುದನ್ನೂ ಸೇರಿಸಿದರೆ, 50 ಮಿ.ಮೀ. ತುಂಬಿಸಲು ಎಕರೆಗೆ ಹದಿನೆಂಟೂವರೆ ಗಂಟೆ ಬೇಕು. ನಡುವೆ ಮಳೆ ಬಂದರೆ, ಹರಿದು ಹೋಗದೆ ಇಂಗಿದಷ್ಟನ್ನು ಕಳೆಯಿರಿ.

ಪ್ರಶ್ನೆ (ಹುಮನಾಬಾದ): ನಮ್ಮದು ಕಲ್ಲುಮಿಶ್ರಿತ ಕೆಂಪು ಮಣ್ಣು, ಒಂದಡಿಗೇ ಗಟ್ಟಿ ಪದರ ಸಿಗುತ್ತದೆ. ಇದೇ ಲೆಕ್ಕ ನಡೆಯುತ್ತದೆಯೇ?

ಉತ್ತರ: ಬೆಳೆ ಬಳಸುವ ನೀರು ಅಷ್ಟೇ, ಮಣ್ಣು ಹಿಡಿದಿಡುವುದು ಮಾತ್ರ ಕಡಿಮೆ. ನಿಮ್ಮ ಒಂದಡಿಯಲ್ಲಿ ದಕ್ಕುವುದು 30 ಮಿ.ಮೀ. ಎಂದಿಟ್ಟುಕೊಂಡರೆ, ಅರ್ಧ ಅಂದರೆ 15 ಮಿ.ಮೀ. ನಾಲ್ಕೇ ದಿನಕ್ಕೆ ಮುಗಿಯುತ್ತದೆ. ಆಳಂದದ ಎರೆಗೆ ಅವಸರವಾಗುವ ಎಂಟು ದಿನ ನಿಮ್ಮ ಹೊಲಕ್ಕೆ ತಡವಾಗುತ್ತದೆ. ಆದ್ದರಿಂದ ನೀವು ಸ್ವಲ್ಪಸ್ವಲ್ಪವೇ, ಮೇಲಿಂದ ಮೇಲೆ ಕೊಡಬೇಕು. ಒಮ್ಮೆಗೇ 50 ಮಿ.ಮೀ. ಬಿಟ್ಟರೆ ಹೆಚ್ಚಿನದು ಬೇರಿಗೆ ಸಿಗದೆ ಕೆಳಗಿಳಿಯುತ್ತದೆ, ಇಲ್ಲವೇ ಗಟ್ಟಿ ಪದರದ ಮೇಲೆ ನಿಂತು ಬೇರು ಕೊಳೆಸುತ್ತದೆ.