ಭೋರ್ ಘಾಟಿಯ ಹಳಿ: ಡೈನಮೈಟ್ ಇಲ್ಲದೆ ಬಂಡೆ ಒಡೆದದ್ದು ಹೇಗೆ?

ಘಾಟಿಪ್ರಿಯ:
ಮುಂಬೈ-ಪುಣೆ ದಾರಿಯ ಭೋರ್ ಘಾಟಿಯಲ್ಲಿ ಕರ್ಜತ್ ಕಡೆಯಿಂದ ಲೋಣಾವಳಕ್ಕೆ ಹತ್ತುವ ಹಳಿಯ ಲೆಕ್ಕ ನೋಡಿ: ಸುಮಾರು 25 ಕಿ.ಮೀ. ದಾರಿ, 558 ಮೀಟರ್ ಏರು, 25 ಸುರಂಗ, 8 ಕಮಾನು ಸೇತುವೆ. ರೈಲು ಓಡಿದ್ದು 1863ರಲ್ಲಿ. ಡೈನಮೈಟ್‌ಗೆ ಪೇಟೆಂಟ್ ಸಿಕ್ಕಿದ್ದೇ 1867ರಲ್ಲಿ! ಮತ್ತೆ ಆ ಕರಿಕಲ್ಲು ಒಡೆದದ್ದು ಹೇಗೆ? ನಡುದಾರಿಯಲ್ಲಿ ಎಂಜಿನ್ ತಿರುವುಮುರುವು ಮಾಡುವ ರಿವರ್ಸಿಂಗ್ ಸ್ಟೇಷನ್ ಯಾಕೆ ಬೇಕಿತ್ತು?

ಸಲಾಕೆ:
ಸುತ್ತಿಗೆ, ಸಲಾಕೆ, ಕಪ್ಪು ಮದ್ದು (ಗನ್‌ಪೌಡರ್), ಅಷ್ಟೇ. ಒಬ್ಬ ಸಲಾಕೆ ಹಿಡಿದು ಏಟು ಏಟಿಗೂ ಚೂರು ತಿರುಗಿಸಬೇಕು, ಇನ್ನೊಬ್ಬ ಹೊಡೆಯಬೇಕು. ತಿರುಗಿಸದಿದ್ದರೆ ಮೊನೆ ಒಂದೇ ಗೀರಿನಲ್ಲಿ ಕಚ್ಚಿಕೊಳ್ಳುತ್ತದೆ. ತೂತಿನ ಪುಡಿ ತೆಗೆದು, ಒಣಗಿಸಿ, ಮದ್ದು ಸುರಿದು, ಬತ್ತಿ ಇಟ್ಟು, ಮೇಲೆ ಜೇಡಿಮಣ್ಣು ಜಡಿಯುವುದು. ಜಡಿಯುವ ಕೋಲು ಮರದ್ದೋ ತಾಮ್ರದ್ದೋ ಆಗಿರಬೇಕು; ಕಬ್ಬಿಣವಾದರೆ ಕಿಡಿ ಹಾರಿ ಅಲ್ಲೇ ಕತೆ ಮುಗಿಯಿತು. ಮಣ್ಣು ಸಡಿಲವಾದರೆ ಮದ್ದಿನ ಬಲವೆಲ್ಲ ತುಪಾಕಿಯಂತೆ ಬಾಯಿಂದ ಹೊರಗೆ, ಬಂಡೆ ಮಿಸುಕುವುದೂ ಇಲ್ಲ. ತೇವ ತಗುಲಿದರೆ ಮದ್ದು ಹತ್ತುವುದೇ ಇಲ್ಲ, ಅದೂ ಸಹ್ಯಾದ್ರಿಯ ಮಳೆಯಲ್ಲಿ. ಕಾಲೂರಲು ಜಾಗವಿಲ್ಲದ ಕಡಿದಾದ ಕಡೆ ಕೂಲಿಗಳನ್ನು ಮೇಲಿಂದ ಹಗ್ಗದಲ್ಲಿ ಇಳಿಬಿಟ್ಟು ತೂತು ಕೊರೆಸಿದ್ದರು.

ಮೀಟರ್‌ಗೇಜ್:
ರಿವರ್ಸಿಂಗ್ ಬಗ್ಗೆ: ಅತಿ ಕಡಿದಾದ ಕಡೆ ಏರು 37ಕ್ಕೆ 1, ಅಂದರೆ 37 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. 200 ಟನ್ನಿನ ರೈಲನ್ನು ಅಲ್ಲಿ ಸುಮ್ಮನೆ ಹಿಡಿದು ನಿಲ್ಲಿಸುವುದಕ್ಕೇ ಸುಮಾರು 5.4 ಟನ್ ಬಲ ಬೇಕು. ನಮ್ಮ ಸಕಲೇಶಪುರ ಘಾಟಿಯ 50ಕ್ಕೆ 1ರಲ್ಲಿ ಅದೇ ರೈಲಿಗೆ 4 ಟನ್ ಸಾಕು. 37ಕ್ಕೆ 1ಕ್ಕಿಂತಲೂ ಕಡಿದು ಮಾಡಿದರೆ ಅಂದಿನ ಎಂಜಿನ್ ಎಳೆಯದು. ಏರು ತಗ್ಗಿಸಬೇಕೆಂದರೆ ದಾರಿ ಉದ್ದ ಮಾಡಬೇಕು, ಆದರೆ ಕಿರಿದಾದ ಕೋಡುಗಲ್ಲಿನ ಮೇಲೆ ಹಳಿ ಸುತ್ತಿಸಲು ಜಾಗವೆಲ್ಲಿ? ಅದಕ್ಕೆ ಮುಖ್ಯ ಎಂಜಿನಿಯರ್ ಜೇಮ್ಸ್ ಬರ್ಕ್ಲಿ ಹಳಿಯನ್ನು ಅಲ್ಲೇ ಕೊನೆಗೊಳಿಸಿ, ಎಂಜಿನ್ನನ್ನು ಇನ್ನೊಂದು ತುದಿಗೆ ಸಿಕ್ಕಿಸಿ ಹಿಮ್ಮುಖವಾಗಿ ಹತ್ತಿಸಿದ. ಸುರಂಗ ಕೊರೆಯುವ ಶ್ರಮ ಉಳಿಯಿತು, ಸಮಯ ಹೋಯಿತು. ರೈಲಿನ ಉದ್ದಕ್ಕೂ ಆ ಸ್ಟೇಷನ್ನಿನ ಹಳಿಯೇ ಮಿತಿ. 1929ರಲ್ಲಿ ಹೊಸ ದಾರಿ ಮಾಡಿ ಅದನ್ನು ಕೈಬಿಟ್ಟರು.

ಗಾರೆಕೆಲಸ:
ಹೊಗಳಿಕೆ ಸರಿ, ಆದರೆ 1867ರಲ್ಲಿ ಇದೇ ಹಳಿಯ ಮಾವ್-ಕಿ-ಮಲ್ಲಿ ಸೇತುವೆ ಕುಸಿದದ್ದನ್ನು ಮರೆಯಬೇಡಿ. ಕಟ್ಟಡದ ಕೆಲಸವೇ ಕಳಪೆಯಾಗಿತ್ತು. ಇಂಥ ಕಂಬಗಳ ರೋಗ ಒಳಗಿರುತ್ತದೆ. ಹೊರಗೆ ನಯವಾಗಿ ಕೆತ್ತಿದ ಕಲ್ಲು, ಒಳಗೆ ಜಲ್ಲಿ ಮತ್ತು ಸುಣ್ಣದ ಗಾರೆ. ಎರಡನ್ನೂ ಬೆಸೆಯಲು ಅಡ್ಡಕ್ಕೆ ಉದ್ದ ಕಲ್ಲು ಹಾಕದಿದ್ದರೆ ಹೊರಗೋಡೆ ಸಿಪ್ಪೆಯಂತೆ ಬಿಚ್ಚಿಕೊಳ್ಳುತ್ತದೆ. ಬರೀ ಸುಣ್ಣ ಗಾಳಿ ತಾಗಿದರಷ್ಟೇ ಗಟ್ಟಿಯಾಗುವುದು, ದಪ್ಪ ಕಂಬದ ಒಡಲಲ್ಲಿ ವರ್ಷಗಟ್ಟಲೆ ಹಸಿಯಾಗಿಯೇ ಇರುತ್ತದೆ. ಮಳೆನೀರು ಇಳಿದರೆ ತೊಳೆದೂ ಹೋಗುತ್ತದೆ. ಸುರ್ಕಿ (ಸುಟ್ಟ ಇಟ್ಟಿಗೆಯ ಪುಡಿ) ಬೆರೆಸಿದರೆ ಈ ತೊಂದರೆ ಬಹಳ ಕಡಿಮೆ.

ಸಲಾಕೆ:
ಇನ್ನೊಂದು ಹೆಸರು ಸೇರಿಸಿ. ಗುತ್ತಿಗೆ ಹಿಡಿದು ಬಂದ ಸಾಲೊಮನ್ ಟ್ರೆಡ್ವೆಲ್ 1859ರಲ್ಲಿ, ಬಂದ ಕೆಲವೇ ವಾರಗಳಲ್ಲಿ ತೀರಿಕೊಂಡ. ಕೆಲಸ ಮುಗಿಸಿದ್ದು ಅವನ ಹೆಂಡತಿ ಆಲಿಸ್, ಇಬ್ಬರು ಎಂಜಿನಿಯರ್‌ಗಳನ್ನು ಇಟ್ಟುಕೊಂಡು. ಕೆಲಸ ಭರದಲ್ಲಿದ್ದಾಗ ಕೂಲಿಗಳೇ 40,000ಕ್ಕೂ ಹೆಚ್ಚು.

ಘಾಟಿಪ್ರಿಯ:
ಇಳಿಯುವಾಗ ಬ್ರೇಕ್ ಸೋತರೆ?

ಮೀಟರ್‌ಗೇಜ್:
ಅದಕ್ಕೇ ಕ್ಯಾಚ್ ಸೈಡಿಂಗ್. ಪಾಯಿಂಟ್ (ಹಳಿ ಬದಲಿಸುವ ಜೋಡಣೆ) ಸದಾ ಗುಡ್ಡದ ಕಡೆ ಏರುವ ಮೋಟು ಹಳಿಗೇ ತಿರುಗಿರುತ್ತದೆ. ಇಳಿದು ಬರುವ ರೈಲು ನಿಂತ ಮೇಲಷ್ಟೇ ಮುಖ್ಯ ಹಳಿಗೆ ಬದಲಿಸುತ್ತಾರೆ. ನಿಲ್ಲದ ರೈಲು ತಾನಾಗಿಯೇ ಏರು ಹತ್ತಿ ವೇಗ ಕಳೆದುಕೊಳ್ಳುತ್ತದೆ.